‘ಬ್ರೇಕ್ ಈವನ್ ಆದ ಮೇಲೆ’ ಎಂದು ಬರೆದಿದೆ, ಆಗುವುದು ಯಾವಾಗ?

ಪ್ರಶ್ನೆ: ಮೈಸೂರಿನಲ್ಲಿ ಗೆಳೆಯನ ಜೊತೆ ಸೇರಿ ದರ್ಶಿನಿ ಮಾದರಿಯ ಹೋಟೆಲ್ ಶುರು ಮಾಡಿದ್ದೇವೆ. ಬಂಡವಾಳ 40 ಲಕ್ಷ ರೂಪಾಯಿ ಪೂರ್ತಿ ನನ್ನದು, ನಡೆಸುವವರು ಅವರು. ‘ಬ್ರೇಕ್ ಈವನ್ ಆಗುವವರೆಗೆ ಲಾಭವೆಲ್ಲ ಹೂಡಿಕೆದಾರರಿಗೆ, ಆಮೇಲೆ ಇಬ್ಬರಿಗೂ ಸಮಪಾಲು’ ಎಂದು ಪಾಲುದಾರಿಕೆ ಪತ್ರದಲ್ಲಿದೆ. ತಿಂಗಳ ಖರ್ಚು ಕಳೆದು ದುಡ್ಡು ಉಳಿಯಲು ಶುರುವಾಗಿ ಆರು ತಿಂಗಳಾಯಿತು, ಆದ್ದರಿಂದ ಅರ್ಧ ಪಾಲು ಕೊಡಿ ಎನ್ನುತ್ತಾರೆ. ನಾನು ಹಾಕಿದ ದುಡ್ಡು ವಾಪಸ್ ಬಂದಾಗಲೇ ಬ್ರೇಕ್ ಈವನ್ ಎಂದುಕೊಂಡಿದ್ದೆ. ಯಾರದು ಸರಿ?

ಉತ್ತರ: ಪತ್ರದಲ್ಲಿ ಇಷ್ಟೇ ಇದ್ದರೆ ಇಬ್ಬರದೂ ತಪ್ಪಲ್ಲ, ತೊಂದರೆ ಇರುವುದೇ ಅಲ್ಲಿ. ಗೆಳೆಯರು ಹೇಳುತ್ತಿರುವುದು ಒಂದು ತಿಂಗಳ ವ್ಯಾಪಾರ ಆ ತಿಂಗಳ ಖರ್ಚನ್ನು ಹೊರುವ ಹಂತ. ನೀವು ಹೇಳುತ್ತಿರುವುದು ಶುರುವಿನಿಂದ ಕೂಡಿಬಂದ ಉಳಿಕೆ ಮೂಲ ಬಂಡವಾಳವನ್ನು ತೀರಿಸುವ ಹಂತ. ಇವೆರಡರ ನಡುವೆ ಸವಕಳಿಯನ್ನೂ (ಸಾಮಾನು ಹಳತಾದಂತೆ ಇಳಿಯುವ ಬೆಲೆ) ಖರ್ಚಿಗೆ ಸೇರಿಸಿ ನೋಡುವ ಲೆಕ್ಕಪತ್ರದ ಬ್ರೇಕ್ ಈವನ್ ಬೇರೆ ಇದೆ. ಈ ಅಂತರ ಎಷ್ಟು ದೊಡ್ಡದು ಎಂಬುದು ಅಂಕಿ ಇಟ್ಟರೆ ಗೊತ್ತಾಗುತ್ತದೆ. ನಿಮ್ಮ ಲೆಕ್ಕ ಕಳಿಸಿಲ್ಲವಾದ್ದರಿಂದ ಉದಾಹರಣೆಯ ಅಂಕಿಗಳನ್ನು ಬಳಸುತ್ತೇನೆ.

ಬಾಡಿಗೆ ತಿಂಗಳಿಗೆ 1,00,000 ಎಂದಿಟ್ಟುಕೊಳ್ಳಿ. ಹೋಟೆಲ್ 5% ಜಿಎಸ್‌ಟಿ ದರದಲ್ಲಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ, ಹಾಗಾಗಿ ಬಾಡಿಗೆಯ ಮೇಲಿನ 18% ಕೂಡ ನಿಮ್ಮ ಖರ್ಚೇ. ಬಾಡಿಗೆ ಎಂದರೆ 1,18,000 ಎಂದೇ ಬರೆದುಕೊಳ್ಳಬೇಕು. ಇದನ್ನು ಮರೆತ ಪ್ರಾಜೆಕ್ಟ್ ರಿಪೋರ್ಟ್‌ಗಳೇ ಹೆಚ್ಚು. ಭಟ್ಟರು, ಸಪ್ಲೈಯರ್, ಕ್ಲೀನರ್‌ಗಳ ಸಂಬಳ 2,40,000. ಕರೆಂಟು, ನೀರು, ಲೈಸೆನ್ಸು, ಲೆಕ್ಕ ಬರೆಯುವವರ ಫೀಸು ಸೇರಿ 42,000. ಒಟ್ಟು ಸ್ಥಿರ ಖರ್ಚು 4,00,000. ದಿನಸಿ, ಹಾಲು, ತರಕಾರಿ, ಗ್ಯಾಸ್, ಪಾರ್ಸೆಲ್ ಡಬ್ಬಿ, ಆ್ಯಪ್‌ಗಳ ಕಮಿಷನ್ ಎಲ್ಲ ಸೇರಿ 100 ರೂಪಾಯಿ ವ್ಯಾಪಾರಕ್ಕೆ 60 ಹೋಗುತ್ತದೆ, 40 ಉಳಿಯುತ್ತದೆ ಎನ್ನೋಣ.

4,00,000ವನ್ನು 0.40ರಿಂದ ಭಾಗಿಸಿದರೆ 10,00,000. ತಿಂಗಳಿಗೆ ಹತ್ತು ಲಕ್ಷ ವ್ಯಾಪಾರವಾದರೆ ಖರ್ಚು ಹುಟ್ಟಿತು. ದಿನಕ್ಕೆ 33,333 ರೂಪಾಯಿ. ಒಂದು ಬಿಲ್ಲು ಸರಾಸರಿ 60 ರೂಪಾಯಿ ಇದ್ದರೆ ಸುಮಾರು 556 ಬಿಲ್ಲು. ಗೆಳೆಯರ ಬ್ರೇಕ್ ಈವನ್ ಇದು. ವ್ಯಾಪಾರ ಎಂದರೆ ಜಿಎಸ್‌ಟಿ ಕಳೆದ ಮೊತ್ತ ಎಂಬುದು ನೆನಪಿರಲಿ: ಗಲ್ಲಾದಲ್ಲಿ 13,65,000 ಬಿದ್ದಿದ್ದರೆ ಅದರಲ್ಲಿ ನಿಮ್ಮದು 13,00,000, ಮಿಕ್ಕ 65,000 ಸರ್ಕಾರದ್ದು.

ಈಗ ಸವಕಳಿ. 40 ಲಕ್ಷದಲ್ಲಿ ಕಟ್ಟಡದ ಮುಂಗಡ 10 ಲಕ್ಷ, ಒಳಾಂಗಣ ಮತ್ತು ಅಡುಗೆಮನೆ ಸಾಮಾನಿಗೆ 24 ಲಕ್ಷ, ಶುರುವಿನ ಖರ್ಚು 6 ಲಕ್ಷ ಎನ್ನೋಣ. ಐದು ವರ್ಷದ ಲೀಸಿಗೆ 24 ಲಕ್ಷವನ್ನು ಸಮನಾಗಿ ಹರಡಿದರೆ ತಿಂಗಳಿಗೆ 40,000. ಬ್ರೇಕ್ ಈವನ್ 11,00,000ಕ್ಕೆ ಏರುತ್ತದೆ. ನಡೆಸುವ ಪಾಲುದಾರರು ತಿಂಗಳಿಗೆ 60,000 ಸಂಬಳ ಹಿಡಿದರೆ 12,50,000ಕ್ಕೆ ಹೋಗುತ್ತದೆ. ಆ ಸಂಬಳ ಅವರಿಗೆ ಸಲ್ಲುತ್ತದೆಯೇ? 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 13ರ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ವ್ಯವಹಾರ ನಡೆಸಿದ್ದಕ್ಕೆ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ. ಹಾಗೆಯೇ, ಬಂಡವಾಳಕ್ಕೆ ಬಡ್ಡಿ ಎಂದು ಪತ್ರದಲ್ಲಿ ಬರೆದುಕೊಂಡಿದ್ದರೂ ಅದು ಲಾಭದಿಂದ ಮಾತ್ರ ಸಿಗುವಂಥದ್ದು. ಆದ್ದರಿಂದ ಸಂಬಳ, ಬಡ್ಡಿ ಎರಡರ ಮಾತೂ ಪತ್ರದಲ್ಲೇ ಇರಬೇಕು.

ಇನ್ನು ನಿಮ್ಮ ಬ್ರೇಕ್ ಈವನ್. ತಿಂಗಳಿಗೆ 13,00,000 ವ್ಯಾಪಾರ ತಪ್ಪದೆ ಆಗುತ್ತಿದ್ದರೆ 40%ರಂತೆ 5,20,000, ಸ್ಥಿರ ಖರ್ಚು ಕಳೆದರೆ 1,20,000 ಕೈಗೆ. ಮುಂಗಡದ 10 ಲಕ್ಷ ಲೀಸ್ ಮುಗಿದಾಗ ವಾಪಸ್ ಬರುವ ದುಡ್ಡು ಎಂದು ಹೊರಗಿಟ್ಟು 30 ಲಕ್ಷ ತೀರಬೇಕಾದರೆ 25 ತಿಂಗಳು. ಮುಂಗಡವನ್ನೂ ಸೇರಿಸಿದರೆ 34. ಅವರ ಸಂಬಳ ಕಳೆದರೆ ಉಳಿಯುವುದು 60,000 ಮಾತ್ರ: ಆಗ 30 ಲಕ್ಷಕ್ಕೆ 50 ತಿಂಗಳು, 40 ಲಕ್ಷಕ್ಕೆ 67 ತಿಂಗಳು. ಲೀಸ್ ಇರುವುದೇ 60 ತಿಂಗಳು! ಅದೇ ಹೋಟೆಲ್, ಅದೇ ವ್ಯಾಪಾರ. ಒಂದು ಅರ್ಥದಲ್ಲಿ ಬ್ರೇಕ್ ಈವನ್ ಆಗಿಹೋಗಿದೆ, ಇನ್ನೊಂದರಲ್ಲಿ ಲೀಸ್ ಮುಗಿದರೂ ಆಗುವುದಿಲ್ಲ.

ಇದು ತೆರಿಗೆಗೆ ಮುಂಚಿನ ಲೆಕ್ಕ. ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್, ಅಂದರೆ 31.2%. ಸಂಬಳ ಇಲ್ಲದ ಉದಾಹರಣೆಯಲ್ಲಿ ಸವಕಳಿ ಕಳೆದ ಲಾಭ 80,000, ಸ್ಥೂಲವಾಗಿ ತೆರಿಗೆ 24,960. ಹಾಗಾದಾಗ 25 ತಿಂಗಳು 32 ಆಗುತ್ತದೆ. ತೆರಿಗೆ ಲೆಕ್ಕದ ಸವಕಳಿ ಇಳಿಕೆ ಮೌಲ್ಯದ (ಹಿಂದಿನ ಸವಕಳಿ ಕಳೆದು ಉಳಿದ ಬೆಲೆಯ) ಮೇಲೆ, ಯಂತ್ರಕ್ಕೆ 15%, ಪೀಠೋಪಕರಣಕ್ಕೆ 10% ಇರುವುದರಿಂದ ನಿಜವಾದ ಅಂಕಿ ವರ್ಷವರ್ಷಕ್ಕೆ ಬೇರೆಯಾಗುತ್ತದೆ. ಒಪ್ಪಂದದಲ್ಲಿ ಯಾವ ಸವಕಳಿ ಎಂದು ಹೇಳದಿದ್ದರೆ ಇದೂ ಜಗಳಕ್ಕೆ ಕಾರಣ.

ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ಎರಡು ವಿಷಯ ತಿಳಿದಿರಲಿ. 1872ರ ಕರಾರು ಕಾಯ್ದೆಯ ಸೆಕ್ಷನ್ 29ರಂತೆ, ಅರ್ಥ ನಿಶ್ಚಿತವಾಗಿಲ್ಲದ, ನಿಶ್ಚಿತಪಡಿಸಿಕೊಳ್ಳಲೂ ಆಗದ ಒಪ್ಪಂದ ಶೂನ್ಯ. ಆ ಷರತ್ತು ಹಾಗೆ ಬಿದ್ದುಹೋಯಿತು ಎಂದಿಟ್ಟುಕೊಳ್ಳಿ. ಆಗ ಎದುರಾಗುವುದು ಪಾಲುದಾರಿಕೆ ಕಾಯ್ದೆಯ ಸಾಮಾನ್ಯ ನಿಯಮ, ಅಂದರೆ ಲಾಭನಷ್ಟ ಎರಡರಲ್ಲೂ ಸಮಪಾಲು. ಬಂಡವಾಳ ಹಾಕಿದ ನಿಮಗೆ ಅದು ಅನುಕೂಲದ ಮಾತಲ್ಲ. ಎರಡನೆಯದು, ಸಂಸ್ಥೆಯನ್ನು ನೋಂದಾಯಿಸಿಲ್ಲದಿದ್ದರೆ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69 ಅಡ್ಡ ಬರುತ್ತದೆ: ಕರಾರಿನ ಹಕ್ಕಿಗಾಗಿ ಪಾಲುದಾರನ ಮೇಲೆ ದಾವೆ ಹೂಡಲು ಆಗದು, ವಿಸರ್ಜನೆ ಮತ್ತು ವಿಸರ್ಜಿತ ಸಂಸ್ಥೆಯ ಲೆಕ್ಕ ಕೇಳಬಹುದು. ಲೆಕ್ಕದ ಪುಸ್ತಕ ನೋಡುವ, ನಕಲು ಪಡೆಯುವ ಹಕ್ಕನ್ನು ಅದೇ ಕಾಯ್ದೆಯ ಸೆಕ್ಷನ್ 12 ಪ್ರತಿ ಪಾಲುದಾರನಿಗೂ ಕೊಟ್ಟಿದೆ. ಮೊದಲು ಅದನ್ನು ಬಳಸಿ.

ನನ್ನ ಸಲಹೆ, ದಾವೆಗಿಂತ ಮುಂಚೆ ಒಂದು ಪೂರಕ ಪತ್ರ ಮಾಡಿಕೊಳ್ಳಿ. ಒಕ್ಕಣೆ ಹೀಗಿರಬಹುದು:

‘ಬ್ರೇಕ್ ಈವನ್ ದಿನ ಎಂದರೆ, ಅನುಬಂಧ 1ರಲ್ಲಿ ಪಟ್ಟಿ ಮಾಡಿದ ಆರಂಭಿಕ ಹೂಡಿಕೆ 30,00,000 ರೂಪಾಯಿಗೆ (ಕಟ್ಟಡದ ಮುಂಗಡ ಬಿಟ್ಟು) ಸಮನಾದ ಮೊತ್ತವು ಲಾಭದ ಬಾಬ್ತಿನಿಂದ ಹೂಡಿಕೆದಾರರ ಬ್ಯಾಂಕ್ ಖಾತೆಗೆ ಜಮಾ ಆಗಿ ಮುಗಿದ ತಿಂಗಳ ಕೊನೆಯ ದಿನ. ಲಾಭ ಎಂದರೆ ಜಿಎಸ್‌ಟಿ ಕಳೆದ ವ್ಯಾಪಾರದಿಂದ ಅನುಬಂಧ 2ರ ಖರ್ಚುಗಳನ್ನೂ ಸಂಸ್ಥೆಯ ಆದಾಯ ತೆರಿಗೆಯನ್ನೂ ಕಳೆದು ಉಳಿದದ್ದು, ಸವಕಳಿಯನ್ನು ಕಳೆಯತಕ್ಕದ್ದಲ್ಲ. ನಡೆಸುವ ಪಾಲುದಾರರ ಸಂಬಳ ತಿಂಗಳಿಗೆ 30,000 ಮೀರತಕ್ಕದ್ದಲ್ಲ. ಬ್ರೇಕ್ ಈವನ್ ಒಮ್ಮೆ ಆದ ಮೇಲೆ, ನಂತರದ ತಿಂಗಳಲ್ಲಿ ನಷ್ಟವಾದರೂ ಹಂಚಿಕೆಯ ಪ್ರಮಾಣ ಹಿಂದಕ್ಕೆ ಬದಲಾಗದು.’

‘ಖಾತೆಗೆ ಜಮಾ’ ಎಂಬ ಮಾತು ಮುಖ್ಯ. ಪುಸ್ತಕದಲ್ಲಿ ಲಾಭ ಕಾಣಿಸಿ, ದುಡ್ಡು ಪಾರ್ಟಿ ಆರ್ಡರ್‌ಗಳ ಬಾಕಿಯಲ್ಲಿ ಸಿಕ್ಕಿಕೊಂಡಿದ್ದರೆ ನಿಮ್ಮ ಹೂಡಿಕೆ ವಾಪಸಾದಂತಲ್ಲ. ಸವಕಳಿ ಬೇಡ ಎಂದದ್ದಕ್ಕೂ ಕಾರಣವಿದೆ: ಹೂಡಿಕೆಯನ್ನೇ ವಾಪಸ್ ಪಡೆಯುತ್ತಿರುವಾಗ ಅದೇ ಸಾಮಾನಿನ ಸವಕಳಿಯನ್ನೂ ಕಳೆದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದಂತೆ.

ಗೆಳೆಯರ ಕಡೆಯಿಂದಲೂ ನೋಡಿ, ಅವರಿಗೂ ರಕ್ಷಣೆ ಬೇಕು. ಗುರಿ ಇನ್ನೇನು ಮುಟ್ಟಿತು ಎನ್ನುವಾಗ ನೀವು ಐದು ಲಕ್ಷದ ಹೊಸ ಜ್ಯೂಸ್ ಕೌಂಟರ್ ಹಾಕಿಸಿ ಅದನ್ನೂ ಹೂಡಿಕೆಗೆ ಸೇರಿಸಿದರೆ ಬ್ರೇಕ್ ಈವನ್ ದೂರ ಹೋಗುತ್ತಲೇ ಇರುತ್ತದೆ. ಹೊಸ ಹೂಡಿಕೆಗೆ ಇಬ್ಬರ ಸಹಿ ಬೇಕು, ಅದರ ವಸೂಲಿ ಲೆಕ್ಕ ಬೇರೆ ಎಂದು ಬರೆಯಿರಿ. ಇಬ್ಬರಲ್ಲಿ ಯಾರ ಸಂಬಂಧಿಕರ ಅಂಗಡಿಯಿಂದ ದಿನಸಿ ತಂದರೂ ಮಾರುಕಟ್ಟೆ ದರ ಮೀರಬಾರದು ಎಂಬ ಸಾಲೂ ಇರಲಿ. ಕೊನೆಗೊಂದು ಗಡುವು, ಉದಾಹರಣೆಗೆ 48 ತಿಂಗಳು: ಅಷ್ಟರಲ್ಲಿ ಆಗದಿದ್ದರೆ ಮುಚ್ಚುವುದೋ, ಮಾರುವುದೋ, ಪಾಲು ಬದಲಿಸುವುದೋ ಎಂದು ಈಗಲೇ ತೀರ್ಮಾನಿಸಿ.

ಪ್ರಶ್ನೆ: ಹುಬ್ಬಳ್ಳಿಯ ಮಾಲ್ ಒಂದರಲ್ಲಿ ಬಟ್ಟೆ ಅಂಗಡಿ ತೆರೆಯುವವರಿದ್ದೇವೆ. ‘ತಿಂಗಳಿಗೆ 1,50,000 ಕನಿಷ್ಠ ಬಾಡಿಗೆ ಅಥವಾ ವ್ಯಾಪಾರದ 10%, ಯಾವುದು ಹೆಚ್ಚೋ ಅದು’ ಎಂದು ಕರಡಿನಲ್ಲಿದೆ. ಬ್ರೇಕ್ ಪಾಯಿಂಟ್ 15 ಲಕ್ಷ ಎನ್ನುತ್ತಾರೆ. ಅಷ್ಟು ವ್ಯಾಪಾರವಾದರೆ ನಷ್ಟವಿಲ್ಲ ಎಂದರ್ಥವೇ?

ಉತ್ತರ: ಅಲ್ಲ. 1,50,000ವನ್ನು 10%ರಿಂದ ಭಾಗಿಸಿದಾಗ ಬರುವ 15 ಲಕ್ಷ, ಶೇಕಡಾವಾರು ಬಾಡಿಗೆ ಕನಿಷ್ಠ ಬಾಡಿಗೆಯನ್ನು ದಾಟುವ ಗಡಿ, ಅಷ್ಟೆ. ನಿಮ್ಮ ನಷ್ಟ ನಿಲ್ಲುವ ಗಡಿ ಬೇರೆ. ಬಾಡಿಗೆ, ಮಾಲ್ ನಿರ್ವಹಣಾ ಶುಲ್ಕ, ಸಿಬ್ಬಂದಿ ಎಲ್ಲ ಸೇರಿ ತಿಂಗಳಿಗೆ 4,20,000, ಬಟ್ಟೆಯಲ್ಲಿ ಸಿಗುವ ಮಾರ್ಜಿನ್ 35% ಎಂದರೆ 12 ಲಕ್ಷಕ್ಕೇ ನಷ್ಟ ನಿಲ್ಲುತ್ತದೆ. 15 ದಾಟಿದ ಮೇಲೆ ಪ್ರತಿ 100ರಲ್ಲಿ 10 ಮಾಲ್‌ಗೆ ಹೋಗುವುದರಿಂದ ನಿಮಗೆ ಉಳಿಯುವುದು 35 ಅಲ್ಲ, 25.

ನೀವು ಹಿಡಿದು ಕೂರಬೇಕಾದದ್ದು ‘ಯಾವುದು ಹೆಚ್ಚೋ ಅದು’ ಎಂಬುದನ್ನು ತಿಂಗಳ ಲೆಕ್ಕದಲ್ಲಿ ನೋಡುತ್ತಾರೋ ವರ್ಷದ ಲೆಕ್ಕದಲ್ಲೋ ಎಂಬಲ್ಲಿ. ಬಟ್ಟೆ ವ್ಯಾಪಾರ ದಸರಾ, ದೀಪಾವಳಿ, ಮದುವೆ ಸೀಸನ್‌ನದು. ಒಂಬತ್ತು ತಿಂಗಳು 11 ಲಕ್ಷ, ಮೂರು ತಿಂಗಳು 27 ಲಕ್ಷ ಆಯಿತು ಎನ್ನಿ. ವರ್ಷಕ್ಕೆ 1 ಕೋಟಿ 80 ಲಕ್ಷ. ಅದರ 10% ಎಂದರೆ 18 ಲಕ್ಷ, ವರ್ಷದ ಕನಿಷ್ಠ ಬಾಡಿಗೆಯೂ 18 ಲಕ್ಷ. ವಾರ್ಷಿಕ ಲೆಕ್ಕವಾದರೆ ನೀವು ಕೊಡುವುದು 18 ಲಕ್ಷ. ತಿಂಗಳ ಲೆಕ್ಕವಾದರೆ ಒಂಬತ್ತು ತಿಂಗಳು ಒಂದೂವರೆ ಲಕ್ಷದಂತೆ 13.5 ಲಕ್ಷ, ಮೂರು ತಿಂಗಳು 2.7 ಲಕ್ಷದಂತೆ 8.1 ಲಕ್ಷ, ಒಟ್ಟು 21.6 ಲಕ್ಷ. 3,60,000 ರೂಪಾಯಿ ಹೆಚ್ಚು. ‘ಹಣಕಾಸು ವರ್ಷದ ಕೊನೆಗೆ ಒಟ್ಟು ಲೆಕ್ಕ ಹೊಂದಿಸಿ, ಹೆಚ್ಚು ಕೊಟ್ಟದ್ದನ್ನು 30 ದಿನದೊಳಗೆ ಮರಳಿಸತಕ್ಕದ್ದು’ ಎಂದು ಹಾಕಿಸಿಕೊಳ್ಳಿ. ಪೂರ್ತಿ ವರ್ಷಕ್ಕೆ ಒಪ್ಪದಿದ್ದರೆ ಅರ್ಧ ವರ್ಷಕ್ಕಾದರೂ ಕೇಳಿ.

ವ್ಯಾಪಾರ ಎಂದರೆ ಜಿಎಸ್‌ಟಿ, ವಾಪಸ್ ಬಂದ ಬಟ್ಟೆ ಇವನ್ನು ಕಳೆದದ್ದು ಎಂದು ಬರೆದಿರಬೇಕು. 27 ಲಕ್ಷದ ಮೇಲೆ 5% ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ಆ ಒಂದು ತಿಂಗಳಿಗೇ 13,500 ಹೆಚ್ಚುವರಿ ಬಾಡಿಗೆ. ಗಿಫ್ಟ್ ವೋಚರನ್ನು ಮಾರಿದಾಗ ಒಮ್ಮೆ, ಅದಕ್ಕೆ ಬಟ್ಟೆ ಕೊಟ್ಟಾಗ ಇನ್ನೊಮ್ಮೆ ಎಣಿಸುವುದನ್ನೂ ತಡೆಯಿರಿ. ಮೂರು ವರ್ಷಕ್ಕೊಮ್ಮೆ ಕನಿಷ್ಠ ಬಾಡಿಗೆ 15% ಏರಿದರೆ ಗಡಿ 17.25 ಲಕ್ಷಕ್ಕೆ ಸರಿಯಬೇಕು. ‘ಬ್ರೇಕ್ ಪಾಯಿಂಟ್ 15 ಲಕ್ಷ’ ಎಂದು ಅಂಕಿಯನ್ನೇ ಬರೆದುಬಿಟ್ಟಿದ್ದರೆ ಅದು ಸರಿಯುವುದಿಲ್ಲ. ಸೂತ್ರವನ್ನು ಬರೆಸಿ.

ಪ್ರಶ್ನೆ: 40 ಲಕ್ಷ ಗೃಹಸಾಲ ಬಾಕಿ ಇದೆ, 15 ವರ್ಷ ಉಳಿದಿದೆ, ಬಡ್ಡಿ 9%. ಇನ್ನೊಂದು ಬ್ಯಾಂಕ್ 8.5%ಕ್ಕೆ ಕೊಡುತ್ತದೆ, ಖರ್ಚೆಲ್ಲ ಸೇರಿ 35,000. ಆರೇ ತಿಂಗಳಲ್ಲಿ ಬ್ರೇಕ್ ಈವನ್ ಆಗುತ್ತದೆ ಎಂದು ಅಲ್ಲಿನ ಏಜೆಂಟ್ ಹೇಳುತ್ತಾರೆ. ನಂಬಬಹುದೇ?

ಉತ್ತರ: ಹೊಸ ಸಾಲದ ಅವಧಿ ಎಷ್ಟು ಎಂದು ಕೇಳಿ. 15 ವರ್ಷಕ್ಕೇ ಇಟ್ಟರೆ ಕಂತು 40,571ರಿಂದ 39,390ಕ್ಕೆ ಇಳಿಯುತ್ತದೆ, ಉಳಿತಾಯ 1,181. ಅದರಿಂದ 35,000ವನ್ನು ಭಾಗಿಸಿದರೆ 30 ತಿಂಗಳು. ಅಸಲು ಬೇಗ ಕರಗುವುದನ್ನೂ ಸೇರಿಸಿದರೆ 22 ತಿಂಗಳು. ಆರು ತಿಂಗಳ ಮಾತು ಬರುವುದು 20 ವರ್ಷದ ಹೊಸ ಸಾಲದಲ್ಲಿ ಮಾತ್ರ: ಕಂತು 34,713, ತಿಂಗಳಿಗೆ 5,858 ಕಡಿಮೆ. ಹಾಗೆ ಮಾಡಿದರೆ ನೀವು ಒಟ್ಟು ಕಟ್ಟುವುದು 73.03 ಲಕ್ಷದ ಬದಲು 83.31 ಲಕ್ಷ. ಅದನ್ನು ಬ್ರೇಕ್ ಈವನ್ ಎನ್ನಲಾಗದು, ಐದು ವರ್ಷದ ಕಂತನ್ನು ಮುಂದಕ್ಕೆ ತಳ್ಳಿದ್ದು ಅಷ್ಟೆ.

ವ್ಯಕ್ತಿಗಳು ಪಡೆದ ಫ್ಲೋಟಿಂಗ್ (ಕಾಲಕಾಲಕ್ಕೆ ಬದಲಾಗುವ) ದರದ ಗೃಹಸಾಲಕ್ಕೆ ಮುಂಗಡ ಪಾವತಿ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ಆದ್ದರಿಂದ ಹಳೆಯ ಬ್ಯಾಂಕಿನ ಕಡೆಯಿಂದ ಆ ಭಯ ಬೇಡ. ಹೊಸ ಬ್ಯಾಂಕಿನ ಆಫರ್ ಪತ್ರ ಹಿಡಿದು ಮೊದಲು ನಿಮ್ಮ ಬ್ಯಾಂಕಿನಲ್ಲೇ ದರ ಇಳಿಸಲು ಕೇಳಿ. ಅಲ್ಲಿ ಪರಿವರ್ತನಾ ಶುಲ್ಕ 5,900 ಎಂದರೆ, ಅದೇ 1,181ರ ಉಳಿತಾಯಕ್ಕೆ ಐದೇ ತಿಂಗಳು ಸಾಕು. ಮನೆಯನ್ನು ಎರಡು ವರ್ಷದೊಳಗೆ ಮಾರುವ ಯೋಚನೆ ಇದ್ದರಂತೂ 35,000 ಖರ್ಚು ಮಾಡಿ ಬ್ಯಾಂಕ್ ಬದಲಿಸಬೇಡಿ.