ಗೆಳೆಯನ 144 ಹರ್ಟ್ಸ್ ಮಾನಿಟರ್‌ನಲ್ಲಿ ನನಗೆ ಫರಕ್ ಕಾಣಲಿಲ್ಲ. ತಗೊಂಡರೆ ದುಡ್ಡು ದಂಡವಾ?

ನೀವು ಕೇಳಿದ್ದು ಇಷ್ಟು. ಮನೆಯಲ್ಲಿ 60 ಹರ್ಟ್ಸ್ ಮಾನಿಟರ್ ಇದೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಗೆಳೆಯ 144 ಹರ್ಟ್ಸ್‌ದು ತಂದಿದ್ದಾನೆ. ಅವನ ಮನೆಯಲ್ಲಿ ಅರ್ಧ ತಾಸು ಆಡಿದಿರಿ, ಏನೂ ಫರಕ್ ಕಾಣಲಿಲ್ಲ. ಹಾಗಾದರೆ ಇದೆಲ್ಲ ಬರೀ ಅಂಗಡಿಯವರ ಮಾತೇ ಅಂತ ನಿಮ್ಮ ಅನುಮಾನ.

ಫರಕ್ ಇದೆ ರೀ, ಚೆನ್ನಾಗಿಯೇ ಇದೆ. ನನ್ನ ಅನುಮಾನ ಬೇರೆ. ನೀವು ನೋಡಿದ್ದು 144 ಹರ್ಟ್ಸ್ ಹೌದೋ ಅಲ್ಲವೋ ಅನ್ನೋದೇ ಗೊತ್ತಾಗಬೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು.

ನಾನು ಕಲಬುರಗಿಯವನು. ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ನೋಡುತ್ತೇನೆ, ರಾತ್ರಿ ಊಟ ಆದಮೇಲೆ ಒಂದೆರಡು ತಾಸು ಗೇಮ್ ಆಡುತ್ತೇನೆ. ಮೂರು ವರ್ಷದ ಹಿಂದೆ ದೀಪಾವಳಿ ಬೋನಸ್ ಬಂದಾಗ 165 ಹರ್ಟ್ಸ್ ಮಾನಿಟರ್ ಕೊಂಡೆ. ನಾಲ್ಕು ತಿಂಗಳು "ಏನು ಸ್ಮೂತ್ ಅಂತೀರಿ" ಅಂತ ಮಿಲ್ಲಿನಲ್ಲಿ ಎಲ್ಲರ ಕಿವಿ ಕೊರೆದೆ. ಆಮೇಲೆ ಯುಗಾದಿಗೆ ಅಕ್ಕನ ಮಗ ಬಂದ. ಕೂತವನೇ ಮೌಸ್ ಹಿಡಿದು ಡೆಸ್ಕ್‌ಟಾಪ್ ಮೇಲೆ ಗರಗರ ಸುತ್ತಿಸಿದ. "ಮಾಮಾ, ಇದು ಅರವತ್ತರಾಗೇ ನಡೆದದಲ್ಲ" ಅಂದ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಹೌದು, 60. ನಾಲ್ಕು ತಿಂಗಳು ನಾನು ಹೊಗಳಿದ್ದು ಹಳೆಯ ಮಾನಿಟರ್‌ನ ವೇಗವನ್ನೇ!

ಹೊಸ ಮಾನಿಟರ್ ಹಚ್ಚಿದಾಗ ವಿಂಡೋಸ್ ಎಷ್ಟೋ ಸಲ ಸುಮ್ನೆ 60ಕ್ಕೇ ಇಟ್ಟುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಡಿಸ್‌ಪ್ಲೇ, ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್, ಅಂದರೆ ಈ ಹರ್ಟ್ಸ್ ಸಂಖ್ಯೆ, ನಾವೇ ಏರಿಸಬೇಕು. ಏರಿಸಲು ಹೋದರೆ ಪಟ್ಟಿಯಲ್ಲಿ 144 ಇಲ್ಲವೇ ಇಲ್ಲ ಅಂದರೆ ಕೇಬಲ್ ಮೇಲೆ, ಪೋರ್ಟ್ ಮೇಲೆ ಅನುಮಾನ ಪಡಿ. ಮಾನಿಟರ್‌ಗೆ ಚಿತ್ರ ಒಯ್ಯುವ ಹಳೆಯ ಎಚ್‌ಡಿಎಂಐ 1.4 ಜೋಡಣೆಯಲ್ಲಿ ಫುಲ್ ಎಚ್‌ಡಿಗೆ ಎಷ್ಟೋ ಸಲ 120 ಹರ್ಟ್ಸ್‌ವರೆಗೆ ಮಾತ್ರ ಸಿಗುತ್ತದೆ. ಡಿಸ್‌ಪ್ಲೇಪೋರ್ಟ್ ಅನ್ನುವ ಇನ್ನೊಂದು ಬಗೆಯ ಜೋಡಣೆ ಇದ್ದರೆ ಅದನ್ನೇ ಬಳಸಿ, ತಲೆನೋವು ಇಲ್ಲ. ಆ ಕೇಬಲ್, ಗೇಮ್‌ನ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿರಬೇಕು. ಮದರ್‌ಬೋರ್ಡ್‌ಗೆ ಚುಚ್ಚಿ "ಕಾರ್ಡ್ ಕೆಲಸ ಮಾಡ್ತಿಲ್ಲ" ಅಂತ ಅಂಗಡಿಗೆ ಓಡಿದವರನ್ನು ನಾನೇ ನೋಡಿದ್ದೇನೆ.

ಅಕ್ಕನ ಮಗನ ಮೌಸ್ ಪರೀಕ್ಷೆಯನ್ನು ನೀವೂ ಮಾಡಿ. 60 ಹರ್ಟ್ಸ್‌ನಲ್ಲಿ ಬಾಣದ ಗುರುತು ಜೋರಾಗಿ ಸುತ್ತಿದಾಗ ನಡುವೆ ಜಾಗ ಬಿಟ್ಟು ಅಲ್ಲೊಂದು ಇಲ್ಲೊಂದು ಬಾಣ ಕಾಣುತ್ತದೆ. 144ರಲ್ಲಿ ಅದೇ ವೇಗಕ್ಕೆ ಬಾಣಗಳು ಒತ್ತೊತ್ತಾಗಿ ಕೂರುತ್ತವೆ. ಗೇಮ್ ಹಾಕುವುದೇ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಮಾನಿಟರ್ ಚಿತ್ರ ಬದಲಿಸಬಲ್ಲದು ಅನ್ನುವುದು. 60 ಇದ್ದರೆ ಒಂದು ಚಿತ್ರ 16.7 ಮಿಲಿಸೆಕೆಂಡ್ ತೆರೆಯ ಮೇಲೆ ನಿಲ್ಲುತ್ತದೆ. 144 ಇದ್ದರೆ 6.9. 240 ಇದ್ದರೆ 4.2. ಅಂದರೆ 60ರಿಂದ 144ಕ್ಕೆ ಜಿಗಿದರೆ ಒಂದೊಂದು ಚಿತ್ರದಲ್ಲಿ 9.7 ಮಿಲಿಸೆಕೆಂಡ್ ಉಳಿಯಿತು. 144ರಿಂದ 240ಕ್ಕೆ ಹೋದರೆ ಉಳಿಯುವುದು 2.8. 240ರಿಂದ 360ಕ್ಕೆ 1.4. ದುಡ್ಡು ಮಾತ್ರ ಮೇಲೆ ಮೇಲೆ ಹೋಗುತ್ತಲೇ ಇರುತ್ತದೆ. ಹಾಗಾಗಿ 60ರಿಂದ ಮೇಲೆ ಬರುವವರಿಗೆ ಸಿಗುವ ಲಾಭ ಆಮೇಲೆ ಯಾವ ಮೆಟ್ಟಿಲಲ್ಲೂ ಸಿಗುವುದಿಲ್ಲ.

ಜನ "ಸ್ಮೂತ್" ಅನ್ನುವ ಒಂದೇ ಮಾತಿನಲ್ಲಿ ಎರಡು ಸಂಗತಿ ಸೇರಿಸಿಬಿಡುತ್ತಾರೆ. ಒಂದು, ಓಟ ಕುಲುಕದೆ ಬರುವುದು. ಇನ್ನೊಂದು, ಓಡುವ ವಸ್ತು ಮಸುಕಾಗದೆ ಕಾಣುವುದು. ಎರಡನೆಯದರ ಕಾರಣ ನನಗೆ ತುಂಬಾ ದಿನ ಅರ್ಥವಾಗಿರಲಿಲ್ಲ. ಓಡುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದರೆ ಅದು ಗಾಜಿನ ಹಾಗೆ ಕ್ಲಿಯರ್. ಹಾಗಾದರೆ ಆಡುವಾಗ ಕಾಣುವ ಮಸುಕು ಎಲ್ಲಿಂದ ಬಂತು?

ನಮ್ಮ ಕಣ್ಣಿನಿಂದಲೇ ಬಂತು. ಸೇಡಂ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಕಿಟಕಿಯಾಚೆ ಮೈಲಿಗಲ್ಲು ಬರುತ್ತದೆ. ಕಲ್ಲಿನ ಜತೆಗೇ ಕಣ್ಣು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಊರಿನ ಹೆಸರು ಓದಬಹುದು. ಯಾಕೆಂದರೆ ಕಲ್ಲೂ ಕಣ್ಣೂ ಒಂದೇ ಸಮನೆ ಸರಿಯುತ್ತವೆ. ಮಾನಿಟರ್‌ನಲ್ಲಿ ಹಾಗಲ್ಲ. ಓಡುವ ಶತ್ರುವಿನ ಹಿಂದೆ ಕಣ್ಣು ಸರ್ರನೆ ಜಾರುತ್ತಿರುತ್ತದೆ, ಚಿತ್ರ ಮಾತ್ರ ನಿಂತು ನಿಂತು ಹಾರುತ್ತದೆ. ಅದು ನಿಂತಿರುವ 16.7 ಮಿಲಿಸೆಕೆಂಡಿನಲ್ಲಿ ಕಣ್ಣು ಮುಂದೆ ಹೋಗಿಯಾಗಿರುತ್ತದೆ. ನಿಂತ ಚಿತ್ರ, ಸರಿದ ಕಣ್ಣು. ಕಣ್ಣೊಳಗೆ ಚಿತ್ರ ಉಜ್ಜಿದಂತಾಗುತ್ತದೆ.

ಎಷ್ಟು ಉಜ್ಜುತ್ತದೆ ಅನ್ನುವುದನ್ನೂ ಲೆಕ್ಕ ಹಾಕಬಹುದು. 1920 ಪಿಕ್ಸೆಲ್ (ತೆರೆಯ ಚುಕ್ಕೆ) ಅಗಲದ ತೆರೆಯನ್ನು ಒಂದು ವಸ್ತು ಎರಡು ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಸೆಕೆಂಡಿಗೆ 960 ಪಿಕ್ಸೆಲ್. 60 ಹರ್ಟ್ಸ್‌ನಲ್ಲಿ ಅದರ ಅಂಚು 16 ಪಿಕ್ಸೆಲ್ ಅಗಲ ಮಸುಕಾಗುತ್ತದೆ. 120ರಲ್ಲಿ 8, 240ರಲ್ಲಿ 4. ದೂರದ ಶತ್ರುವಿನ ತಲೆ ತೆರೆಯ ಮೇಲೆ ಇರುವುದೇ ಹತ್ತು ಹದಿನೈದು ಪಿಕ್ಸೆಲ್. ಅದರಲ್ಲಿ 16 ಪಿಕ್ಸೆಲ್ ಮಸುಕಾದರೆ ಉಳಿಯುವುದೇನು?

ಹಳೆಯ ಡಬ್ಬಾ ಮಾನಿಟರ್‌ಗಳಿಗೆ ಈ ರೋಗ ಇರಲಿಲ್ಲ. ಅವು ಪ್ರತಿ ಚುಕ್ಕೆಯನ್ನು ಕ್ಷಣ ಮಾತ್ರ ಬೆಳಗಿಸಿ ಕತ್ತಲು ಮಾಡುತ್ತಿದ್ದವು. ಚಿತ್ರ ನಿಲ್ಲುತ್ತಲೇ ಇರಲಿಲ್ಲ, ಹಾಗಾಗಿ ಉಜ್ಜುತ್ತಲೂ ಇರಲಿಲ್ಲ. ಊರಿಗೆ ಇನ್ನೂ ಗುಲ್ಬರ್ಗ ಅಂತಲೇ ಹೆಸರಿದ್ದ ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಆಡಿದವರಿಗೆ "ಆಗ ಚೆನ್ನಾಗಿ ಕಾಣ್ತಿತ್ತು" ಅನಿಸಿದರೆ ಅದು ಬರೀ ಹಳೆಯ ನೆನಪಿನ ಮಾತಲ್ಲ.

ಒಂದು ಷರತ್ತು ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಮೇಲಿನ ಲೆಕ್ಕ ಸರಿಯಾಗಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಕೂಡ ಅಷ್ಟು ಹೊಸ ಚಿತ್ರ ಕೊಡಬೇಕು. ಕಾರ್ಡ್ ಸೆಕೆಂಡಿಗೆ ಕೊಡುವ ಚಿತ್ರಗಳ ಲೆಕ್ಕಕ್ಕೆ ಎಫ್‌ಪಿಎಸ್ ಅನ್ನುತ್ತಾರೆ. ಮಾನಿಟರ್ 144, ಗೇಮ್ 60 ಎಫ್‌ಪಿಎಸ್ ಆದರೆ ಒಂದೇ ಚಿತ್ರವನ್ನು ಎರಡು ಮೂರು ಸಲ ತೋರಿಸುತ್ತದೆ ಅಷ್ಟೇ. ಮಸುಕು ಮತ್ತೆ 16 ಪಿಕ್ಸೆಲ್. ವ್ಯಾಲರಂಟ್‌ನಂಥ ಹಗುರ ಗೇಮ್ ಸಾಧಾರಣ ಕಾರ್ಡ್‌ನಲ್ಲೂ 144 ದಾಟುತ್ತದೆ. ದೊಡ್ಡ ಕಥೆಯ, ಭಾರಿ ಗ್ರಾಫಿಕ್ಸ್‌ನ ಗೇಮ್ ಅದೇ ಕಾರ್ಡ್‌ನಲ್ಲಿ 50ಕ್ಕೇ ಏದುಸಿರು ಬಿಡಬಹುದು. ನಿಮ್ಮ ಗೆಳೆಯನ ಮನೆಯಲ್ಲಿ ಯಾವ ಗೇಮ್ ಆಡಿದಿರಿ, ಎಫ್‌ಪಿಎಸ್ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಫರಕ್ ಕಾಣದಿರಲು ಇದೂ ಕಾರಣ ಆಗಿರಬಹುದು.

ಕುಲುಕಾಟಕ್ಕೆ ಮದ್ದು ಬೇರೆ. ಕಾರ್ಡ್ ಒಂದು ಚಿತ್ರಕ್ಕೆ 7 ಮಿಲಿಸೆಕೆಂಡ್, ಮುಂದಿನದಕ್ಕೆ 15, ಮತ್ತೆ 8 ತಗೊಂಡರೆ ಸರಾಸರಿ ಎಫ್‌ಪಿಎಸ್ ಚೆನ್ನಾಗಿ ಕಾಣುತ್ತದೆ, ಕೈಗೆ ಮಾತ್ರ ಹಳ್ಳಕೊಳ್ಳದ ರಸ್ತೆ. ಮಾನಿಟರ್ ತನ್ನ ಗಡಿಯಾರ ಬಿಟ್ಟು ಕಾರ್ಡ್‌ಗಾಗಿ ಕಾಯುವ ವ್ಯವಸ್ಥೆ ಇದಕ್ಕೆಂದೇ ಬಂದಿದೆ. ಕಾರ್ಡ್ ಕಂಪನಿಗಳಲ್ಲಿ ಎನ್ವಿಡಿಯಾ 2013ರಲ್ಲಿ ಜಿ-ಸಿಂಕ್ ಅಂತ ತಂದಿತು, ಎಎಮ್‌ಡಿಯದು ಫ್ರೀಸಿಂಕ್. ಚಿತ್ರ ತಯಾರಾದಾಗಲೇ ತೆರೆ ಬದಲಾಗುತ್ತದೆ, ಚಿತ್ರ ನಡುವೆ ಸೀಳಿದ ಹಾಗೆ ಕಾಣುವುದಿಲ್ಲ. ಇದನ್ನು ಮಾನಿಟರ್‌ನ ಮೆನುವಿನಲ್ಲೂ ಆನ್ ಮಾಡಬೇಕು, ಕಂಪ್ಯೂಟರ್‌ನಲ್ಲೂ ಮಾಡಬೇಕು. ಎಫ್‌ಪಿಎಸ್ ಅನ್ನು ಮಾನಿಟರ್‌ನ ಹರ್ಟ್ಸ್‌ಗಿಂತ ಮೂರು ನಾಲ್ಕು ಕಡಿಮೆಗೆ ಕಟ್ಟಿಹಾಕಿದರೆ ಇನ್ನೂ ಒಳ್ಳೆಯದು. ನನ್ನ ಪ್ರಕಾರ ಅಲುಗಾಡದ 90 ಎಫ್‌ಪಿಎಸ್, 140ಕ್ಕೂ 70ಕ್ಕೂ ಜೋಕಾಲಿ ಆಡುವ ಎಫ್‌ಪಿಎಸ್‌ಗಿಂತ ನೂರು ಪಾಲು ಮೇಲು.

ಇನ್ನು ಪ್ಯಾನೆಲ್, ಅಂದರೆ ಚಿತ್ರ ಮೂಡುವ ತೆರೆಯ ಬಗೆ. ನನ್ನ ಎರಡನೇ ಪೆಟ್ಟು ಇಲ್ಲಿ ಬಿತ್ತು. 165ಕ್ಕೆ ಏರಿಸಿದ ಮೇಲೂ ಕತ್ತಲು ಜಾಗಗಳಲ್ಲಿ ಓಡುವ ಮನುಷ್ಯನ ಹಿಂದೆ ಕಾಡಿಗೆ ಒರೆಸಿದ ಹಾಗೆ ಕಪ್ಪು ಬಾಲ. ನನ್ನದು ವಿಎ ಅನ್ನುವ ಬಗೆಯ ಪ್ಯಾನೆಲ್. ಕಪ್ಪು ಬಣ್ಣ ಅದರಲ್ಲಿ ಗಾಢವಾಗಿ ಬರುತ್ತದೆ, ಸಿನಿಮಾಗೆ ಚೆಂದ. ಆದರೆ ಕಪ್ಪಿನಿಂದ ಬೂದು ಬಣ್ಣಕ್ಕೆ ಬರಲು ಪಿಕ್ಸೆಲ್ ಸೋಮಾರಿತನ ಮಾಡುತ್ತದೆ, ಕೆಲವು ವಿಎಗಳಲ್ಲಿ 20 ಮಿಲಿಸೆಕೆಂಡ್ ದಾಟುತ್ತದೆ. 165 ಹರ್ಟ್ಸ್‌ನಲ್ಲಿ ಒಂದು ಚಿತ್ರ ಇರುವುದೇ 6 ಮಿಲಿಸೆಕೆಂಡ್. ಮೂರು ಚಿತ್ರ ಹಿಂದಿನದು ಇನ್ನೂ ಅಳಿಸಿರುವುದಿಲ್ಲ. ಡಬ್ಬಿಯ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ "1 ಎಂಎಸ್", ಅಂದರೆ ಒಂದೇ ಮಿಲಿಸೆಕೆಂಡ್. ಆ ಸಂಖ್ಯೆ ಎಲ್ಲವೂ ಅನುಕೂಲವಾಗಿದ್ದಾಗ ಸಿಗುವಂಥದ್ದು, ಇಲ್ಲವೇ ತೆರೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್ ಅನ್ನು ಪಟಪಟ ಆರಿಸಿ ಹಚ್ಚುವ ಮೋಡ್‌ನದು. ಆ ಮೋಡ್ ಹಾಕಿದರೆ ಡಬ್ಬಾ ಮಾನಿಟರ್ ಹಾಗೆ ಕ್ಲಿಯರ್ ಆಗುತ್ತದೆ ನಿಜ, ಆದರೆ ಬೆಳಕು ಕುಗ್ಗುತ್ತದೆ, ಹೆಚ್ಚಿನ ಮಾನಿಟರ್‌ಗಳಲ್ಲಿ ಫ್ರೀಸಿಂಕ್ ಜತೆ ನಡೆಯುವುದಿಲ್ಲ, ನನಗಂತೂ ಅರ್ಧ ತಾಸಿಗೆ ತಲೆ ಹಿಡಿಯುತ್ತದೆ.

ಮಾನಿಟರ್‌ನ ಮೆನುವಿನಲ್ಲಿ ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಓವರ್‌ಡ್ರೈವ್ ಅಂತ ಇರುತ್ತದೆ. ಅದನ್ನು ನಡುವಿನ ಮೆಟ್ಟಿಲಲ್ಲಿ ಇಡಿ. ಜಾಸ್ತಿ ಮಾಡಿದರೆ ಕಪ್ಪು ಬಾಲದ ಬದಲು ಬಿಳಿ ಬಾಲ ಬೆಳೆಯುತ್ತದೆ. ಶೂಟಿಂಗ್ ಗೇಮ್‌ಗೆ ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್ ನೋಡಿ. ಓಎಲ್‌ಇಡಿ ಅನ್ನುವ ಇನ್ನೊಂದು ಬಗೆಯ ಪಿಕ್ಸೆಲ್ ಎಲ್ಲಕ್ಕಿಂತ ಚುರುಕು, ಬೆಲೆಯೂ ಹಾಗೆಯೇ.

ಊರಿನ ಮಾತು ಒಂದು ಹೇಳಲೇಬೇಕು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯಲ್ಲ. ಬಿಸಿಗೆ ಎಲ್‌ಸಿಡಿ (ವಿಎ, ಐಪಿಎಸ್ ಎರಡೂ ಅದರ ಬಗೆಗಳೇ) ಪಿಕ್ಸೆಲ್ ಸ್ವಲ್ಪ ಚುರುಕೇ ಆಗುತ್ತದೆ, ಬಿಸಿಲಿನಿಂದ ನಮಗೆ ಆದ ಉಪಕಾರ ಅದೊಂದೇ ಇರಬೇಕು! ಆದರೆ ಲ್ಯಾಪ್‌ಟಾಪ್‌ನ ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದ ಕೂಡಲೇ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಅಕ್ಕನ ಮಗನ ಲ್ಯಾಪ್‌ಟಾಪ್ ಜನವರಿಯಲ್ಲಿ 140 ಕೊಡುತ್ತಿದ್ದ ಗೇಮ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ 80ಕ್ಕೆ ಬಂತು. ಅವನು ಮಾನಿಟರ್ ಕೆಟ್ಟಿದೆ ಅಂದುಕೊಂಡಿದ್ದ. ಒಳಗಿನ ಧೂಳು ತೆಗೆಸಿ, ಹಿಂದೆ ಎರಡು ಪುಸ್ತಕ ಕೊಟ್ಟು ಎತ್ತರಿಸಿದ ಮೇಲೆ ಚೇತರಿಸಿಕೊಂಡಿತು. ಕರೆಂಟ್ ಹೋದಾಗಲೂ ಇದೇ ಕತೆ. ಬ್ಯಾಟರಿಗೆ ಬಂದ ಕೂಡಲೇ ಲ್ಯಾಪ್‌ಟಾಪ್ ಗ್ರಾಫಿಕ್ಸ್‌ಗೆ ಕೊಡುವ ಶಕ್ತಿ ಕಡಿಮೆ ಮಾಡುತ್ತದೆ, ಕೆಲವು ತೆರೆಯನ್ನೂ 60ಕ್ಕೆ ಇಳಿಸುತ್ತವೆ. ಕರೆಂಟ್ ಬಂದ ಮೇಲೆ ಒಮ್ಮೆ ಸೆಟ್ಟಿಂಗ್ಸ್ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 144 ಅಥವಾ 165ರ ಐಪಿಎಸ್, ಫ್ರೀಸಿಂಕ್ ಇರುವುದನ್ನು ತಗೊಳ್ಳುತ್ತೇನೆ. 240ಕ್ಕೆ ಸುರಿಯುವ ದುಡ್ಡನ್ನು ಕಾರ್ಡ್‌ಗೆ ಹಾಕುತ್ತೇನೆ. ನೀವು ಆಡುವುದು ಬರೀ ಕಥೆಯ ಗೇಮ್, ಕಾರ್ಡ್ ಕೊಡುವುದು 50 ಎಫ್‌ಪಿಎಸ್ ಅಂದರೆ ಈಗಿನ ಮಾನಿಟರ್ ಇನ್ನೊಂದು ವರ್ಷ ನಡೆಯಲಿ ಬಿಡಿ.

ಅದಕ್ಕೂ ಮೊದಲು ಗೆಳೆಯನ ಮನೆಗೆ ಇನ್ನೊಂದು ಸಲ ಹೋಗಿ, ಆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದು ನೋಡಿ. 60 ಅಂತ ಇದ್ದರೆ ಸರಿ ಮಾಡುವ ಮೊದಲು ಒಂದು ಪ್ಲೇಟ್ ಮಿರ್ಚಿ ಭಜಿ ಕೇಳಿ, ಆಮೇಲೆ 144 ಮಾಡಿಕೊಡಿ. ಹತ್ತು ನಿಮಿಷ ಆಡಿ, ಮತ್ತೆ 60ಕ್ಕೆ ಇಳಿಸಿ ಆಡಿ. ಏರುವಾಗ ಗೊತ್ತಾಗದ ಫರಕ್ ಇಳಿಯುವಾಗ ಗೊತ್ತಾಗುತ್ತದೆ.