ಐಟಿಐ ಹುಡುಗರಿಗೆ ನಾಟಕ ಯಾಕೆ?

ಪೀಣ್ಯದ ಓದುಗರೊಬ್ಬರ ಪತ್ರ ಹೀಗಿದೆ: 'ಮಗನನ್ನು ಐಟಿಐಗೆ ಸೇರಿಸಿದ್ದು ಎಲೆಕ್ಟ್ರಿಷಿಯನ್ ಕೆಲಸ ಕಲಿಯಲಿ ಅಂತ. ಈಗ ವಾರಕ್ಕೊಮ್ಮೆ ನಾಟಕ, ಹಾಡು, ತಮಟೆ ಅಂತ ಕೂರಿಸಿಕೊಳ್ಳುತ್ತಾರೆ. ನಮ್ಮಂಥವರ ಮಕ್ಕಳಿಗೆ ಬೇಕಿರೋದು ಸಂಬಳ, ಚಪ್ಪಾಳೆ ಅಲ್ಲ. ಇದನ್ನು ನಿಲ್ಲಿಸಿ ಅಂತ ನೀವಾದರೂ ಬರೆಯಿರಿ.'

ಸಂಪಾದಕರ ಉತ್ತರ:

ನಿಮ್ಮ ಆತಂಕ ನ್ಯಾಯವಾದದ್ದೇ. ಎರಡೇ ವರ್ಷದ ಕೋರ್ಸು, ಒಂದೊಂದು ಗಂಟೆಗೂ ಬೆಲೆಯಿದೆ. ಆದರೂ ನಿಲ್ಲಿಸಿ ಅಂತ ನಾನು ಬರೆಯಲಾರೆ.

ನಿಮ್ಮ ಮಗನ ಟ್ರೇಡನ್ನೇ ತಗೊಳ್ಳಿ. ನಾಳೆ ಅವನು ಅಪ್ರೆಂಟಿಸ್ ಆಗಿ ಒಂದು ಸೈಟಿಗೆ ಹೋಗುತ್ತಾನೆ. ಅಲ್ಲಿನ ಮೇಸ್ತ್ರಿ, 'ಮೇನ್ ಆಫ್ ಮಾಡ್ತಾ ಕೂತ್ರೆ ಲೇಟಾಗುತ್ತೆ, ಹಾಗೇ ಜಾಯಿಂಟ್ ಹಾಕು' ಅನ್ನುತ್ತಾನೆ. ಮೊದಲು ಲೈನ್ ಆಫ್ ಮಾಡಬೇಕು, ಟೆಸ್ಟರ್ ಇಟ್ಟು ನೋಡಬೇಕು, ಆಮೇಲೆ ಕೈ ಹಾಕಬೇಕು. ಇದು ಹುಡುಗನಿಗೆ ಗೊತ್ತು. ಪರೀಕ್ಷೆಯಲ್ಲೂ ಬರೆದಿರುತ್ತಾನೆ. ಆದರೆ ದೊಡ್ಡವರ ಮುಂದೆ ಬಾಯಿ ಬಿಟ್ಟು ಹೇಳಬೇಕಲ್ಲ? ಅದಕ್ಕೆ ಅಭ್ಯಾಸ ಬೇಕು.

ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರ್ ಇಂಥದ್ದಕ್ಕೇ ಹೇಳಿ ಮಾಡಿಸಿದಂತಿದೆ. ಇದೇ ಸೈಟಿನ ದೃಶ್ಯವನ್ನು ಹುಡುಗರೇ ಆಡುತ್ತಾರೆ. ಕೊನೆಗೆ ಶಾಕ್ ಹೊಡೆಯುತ್ತದೆ. ಮತ್ತೆ ಮೊದಲಿಂದ ಶುರು. ಈ ಸಲ ನೋಡುತ್ತಾ ಕೂತವರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಅಂದು ಎದ್ದು ಬಂದು ಆ ಹುಡುಗನ ಜಾಗದಲ್ಲಿ ನಿಲ್ಲಬಹುದು. ಒಬ್ಬ ಮೇಸ್ತ್ರಿ ಮೇಲೆ ರೇಗಿ ಕೆಲಸ ಕಳಕೊಳ್ಳಬಹುದು. ಇನ್ನೊಬ್ಬ ಜಗಳಕ್ಕೇ ಹೋಗದೆ, 'ಎರಡೇ ನಿಮಿಷ ಅಣ್ಣ' ಅಂತ ಸುಮ್ನೆ ಮೇನ್ ಆಫ್ ಮಾಡಿ ಬರಬಹುದು. ಯಾವುದು ನಡೆಯುತ್ತದೆ, ಯಾವುದು ನಡೆಯಲ್ಲ ಅಂತ ಪೆಟ್ಟು ತಿನ್ನದೆ ಕಲಿಯುತ್ತಾರೆ. ಇದು ಚಪ್ಪಾಳೆಗಾಗಿ ಆಡೋ ನಾಟಕ ಅಲ್ಲ, ಅಲ್ವಾ?

ಲೇತ್ ಕೆಲಸ ಕಲಿಯೋ ಟರ್ನರ್ ಟ್ರೇಡಿನ ಹುಡುಗರನ್ನು ಚನ್ನಪಟ್ಟಣಕ್ಕೂ ಕರೆದುಕೊಂಡು ಹೋಗಲಿ ಅಂತ ನನ್ನ ಆಸೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ಬೊಂಬೆ ಮಾಡುವವರು ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಎಷ್ಟು ಒತ್ತಬೇಕು ಅನ್ನೋದು ಕೈಗೇ ಗೊತ್ತು. ಲೇತ್ ಮೇಲೆ ಚಂದವೂ ಹುಟ್ಟುತ್ತದೆ ಅಂತ ಕಣ್ಣಾರೆ ಕಂಡ ಹುಡುಗ ತನ್ನ ಕೆಲಸದ ಫಿನಿಶಿಂಗ್ ಬಗ್ಗೆ ಜಾಸ್ತಿ ಯೋಚಿಸುತ್ತಾನೆ.

ನಮ್ಮ ಊರಿಗೆ ಇದೇನೂ ಹೊಸದಲ್ಲ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಕನ್ನಡ ಸಂಘ, ಲಲಿತಕಲಾ ಸಂಘಗಳಲ್ಲಿ ಕಾರ್ಮಿಕರೇ ಬಣ್ಣ ಹಚ್ಚುತ್ತಿದ್ದರು. ಬೆಂಗಳೂರಿನ ಹವ್ಯಾಸಿ ರಂಗಭೂಮಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಅವರದು ಪರ್ಮನೆಂಟ್ ಕೆಲಸ, ಜೊತೆಗೆ ಸಂಘ. ಇವತ್ತು ಕಾಂಟ್ರ್ಯಾಕ್ಟ್ ಮೇಲೆ ಸೇರುವ ಹುಡುಗನಿಗೆ ಎಷ್ಟೋ ಕಡೆ ಎರಡೂ ಇಲ್ಲ. ನಾಟಕ ಆಡೋ ಅವಕಾಶ ಐಟಿಐಯಲ್ಲೂ ಸಿಗದಿದ್ದರೆ ಅವನಿಗೆ ಇನ್ನೆಲ್ಲಿ ಸಿಗಬೇಕು?

ಒಮ್ಮೆ ಪ್ರಿನ್ಸಿಪಾಲರನ್ನು ಹೋಗಿ ನೋಡಿ. ಈ ಗಂಟೆಯನ್ನು ಪ್ರಾಕ್ಟಿಕಲ್‌ನಿಂದ ಕಡಿತ ಮಾಡಿದ್ದಾರಾ ಕೇಳಿ. ಹೌದು ಅಂದರೆ ಬಿಡಬೇಡಿ, ಆ ಜಗಳದಲ್ಲಿ ನಾನೂ ನಿಮ್ಮ ಜೊತೆ. ಟ್ರೇಡ್ ಮೇಷ್ಟ್ರು ಆ ತರಗತಿಯಲ್ಲಿ ಕೂರುತ್ತಾರಾ ಅಂತಲೂ ವಿಚಾರಿಸಿ. ಅವರಿಲ್ಲದಿದ್ದರೆ ನಾಟಕದಲ್ಲಿ ಕಲಿತದ್ದು ವರ್ಕ್‌ಶಾಪಿಗೆ ದಾಟುವುದು ಕಷ್ಟ. ಬರೀ ವಾರ್ಷಿಕೋತ್ಸವದ ಡ್ಯಾನ್ಸಿಗೆ ತಯಾರಿ ನಡೆದಿದ್ದರೆ ನಿಮ್ಮ ದೂರೇ ಸರಿ. ಅವರು ಏನಂದರು ಅಂತ ಬರೆದು ಕಳಿಸಿ, ಅದನ್ನೂ ಅಚ್ಚು ಹಾಕುತ್ತೇವೆ.