ಕಾರು ನಿಮ್ಮದು, ಫೋಟೋ ಯಾರದು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜ ಕೊಂಡ 1964ರ ಫಿಯಟ್ 1100 ಇದೆ, ಈಗಲೂ ಓಡುತ್ತದೆ. ಎರಡು ವರ್ಷದ ಹಿಂದೆ ಒಂದು ಪತ್ರಿಕೆಯ ಲೇಖನಕ್ಕೆಂದು ಛಾಯಾಗ್ರಾಹಕರೊಬ್ಬರು ಬಂದು ನಮ್ಮ ಅಡಿಕೆ ಅಂಗಳದಲ್ಲಿ ಇಡೀ ದಿನ ಫೋಟೋ ತೆಗೆದರು. ನಾವು ದುಡ್ಡು ಕೊಡಲಿಲ್ಲ, ಇಸಿದುಕೊಳ್ಳಲೂ ಇಲ್ಲ. ಈ ವರ್ಷ ಅದೇ ಫೋಟೋ ಒಂದು ಕಂಪನಿಯ ಕ್ಯಾಲೆಂಡರಿನಲ್ಲಿದೆ. ಕೇಳಿದರೆ ‘ಫೋಟೋ ನನ್ನದು’ ಎನ್ನುತ್ತಾರೆ. ಕಾರು ನಮ್ಮದಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಕಾರು ನಿಮ್ಮದೇ. ಆದರೆ ಫೋಟೋದ ವಿಷಯದಲ್ಲಿ ಅವರ ಮಾತು ಬಹುಮಟ್ಟಿಗೆ ಸರಿ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ, ಮತ್ತು 17ನೇ ಕಲಮಿನಂತೆ ಕರ್ತೃವೇ ಮೊದಲ ಒಡೆಯ. ಚಿತ್ರದಲ್ಲಿರುವ ವಸ್ತು ಯಾರದು ಎಂದು ಕಾಯ್ದೆ ಕೇಳುವುದೇ ಇಲ್ಲ. ಈ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. 2012ರ ತಿದ್ದುಪಡಿಗೆ ಮೊದಲು ಫೋಟೋಗಳಿಗೆ ಇದ್ದದ್ದು ಪ್ರಕಟವಾದ ಮೇಲಿನ 60 ವರ್ಷ ಮಾತ್ರ.

ಇದೇ 17ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಎರಡು ನಿಮ್ಮಂಥವರಿಗೆ ಮುಖ್ಯ. ಒಂದು, ಫೋಟೋ ತೆಗೆಯಲು ಹೇಳಿದವರೂ ನೀವೇ, ಅದಕ್ಕೆ ಹಣ ಕೊಟ್ಟವರೂ ನೀವೇ ಆಗಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಮೊದಲ ಒಡೆಯರು ನೀವು. ಮದುವೆ ಫೋಟೋಗಳಿಗೆ ಅನ್ವಯಿಸುವ ನಿಯಮವೂ ಇದೇ. ಹೀಗಾಗಿ ನಿಮ್ಮ ಖರ್ಚಿನಲ್ಲಿ ಫೋಟೋ ತೆಗೆಸುವಾಗ ನಗದು ಕೊಡಬೇಡಿ. ಯುಪಿಐನಲ್ಲಿ ಕಳಿಸಿ, ಟಿಪ್ಪಣಿಯ ಜಾಗದಲ್ಲಿ ‘ಫಿಯಟ್ ಕಾರಿನ ಫೋಟೋ ತೆಗೆದದ್ದಕ್ಕೆ’ ಎಂದು ಬರೆಯಿರಿ. ಎರಡು, ಛಾಯಾಗ್ರಾಹಕರು ಪತ್ರಿಕೆಯ ನೌಕರರಾಗಿದ್ದರೆ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಪತ್ರಿಕೆಯ ಮಾಲೀಕರದು, ಉಳಿದದ್ದು ಛಾಯಾಗ್ರಾಹಕರದು. ಇದು ಬಹಳ ಜನರಿಗೆ ಗೊತ್ತಿಲ್ಲ. ಕ್ಯಾಲೆಂಡರಿಗೆ ಫೋಟೋ ಕೊಟ್ಟದ್ದು ಪತ್ರಿಕೆಯವರೇ ಆಗಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಅವರಿಗೆ ಆ ಅಧಿಕಾರ ಇರಲಿಲ್ಲ. ಆಗಲೂ ತಕರಾರು ಎತ್ತಬೇಕಾದವರು ಛಾಯಾಗ್ರಾಹಕರೇ, ನೀವಲ್ಲ.

ಹಾಗಾದರೆ ನಿಮಗೇನೂ ಉಳಿದಿಲ್ಲವೇ? ಉಳಿದಿದೆ. ಫೋಟೋ ತೆಗೆದದ್ದು ನಿಮ್ಮ ಅಂಗಳದಲ್ಲಿ, ನಿಮ್ಮ ಅನುಮತಿಯ ಮೇಲೆ. ಅನುಮತಿ ಕೊಟ್ಟದ್ದು ಲೇಖನಕ್ಕೆ ಮಾತ್ರ ಎನ್ನುವುದಕ್ಕೆ ಪುರಾವೆ ಇದ್ದರೆ ಇದು ಕೃತಿಸ್ವಾಮ್ಯದ ಜಗಳವಲ್ಲ, ಕರಾರು ಮುರಿದ ಜಗಳ. ಎರಡು ವರ್ಷದ ಹಿಂದಿನ ವಾಟ್ಸಾಪ್ ಸಂದೇಶಗಳನ್ನು ಹುಡುಕಿ. ‘ನಮ್ಮ ಪತ್ರಿಕೆಯ ಲೇಖನಕ್ಕೆ ನಿಮ್ಮ ಕಾರು ಬೇಕಿತ್ತು’ ಎಂಬ ಒಂದು ಸಾಲು ಸಿಕ್ಕರೂ ಅದು ದೊಡ್ಡ ಆಧಾರ. ಫೋನು ಬದಲಾಯಿಸುವ ಮೊದಲು ಆ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಮನೆಯವರ ಮುಖವೋ ಮನೆಯ ಹೆಸರೋ ಕಾಣುತ್ತಿದ್ದರೆ ನಿಮ್ಮ ಕೈ ಇನ್ನಷ್ಟು ಬಲ, ಯಾಕೆಂದರೆ ಆ ಕಂಪನಿಯ ಮಾಲನ್ನು ನೀವು ಮೆಚ್ಚಿ ಹೊಗಳಿದಂತೆ ಅದು ತೋರುತ್ತದೆ. ಕಾರಿಗೆ ಅಂಥ ಖಾಸಗಿತನ ಇಲ್ಲ, ಮನುಷ್ಯರಿಗೆ ಇದೆ. ನಮ್ಮ ಸಲಹೆ: ವಕೀಲರಿಂದ ಒಂದು ನೋಟಿಸು ಕಳಿಸಿ. ಉಳಿದ ಪ್ರತಿಗಳನ್ನು ಹಂಚದಿರುವುದು, ಎಲ್ಲ ಫೋಟೋಗಳ ಪೂರ್ಣ ಅಳತೆಯ ಪ್ರತಿ, ಒಂದಿಷ್ಟು ಸಂಭಾವನೆ, ಈ ಮೂರನ್ನು ಕೇಳಿ. ದಾವೆಗಿಂತ ಇದು ಬೇಗ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಅಂಬಾಸಿಡರ್‌ನ ಫೋಟೋ ತೆಗೆಯಲು ಮುಂದಿನ ತಿಂಗಳು ಬರುತ್ತಾರಂತೆ. ಮೊದಲೇ ಏನು ಬರೆಸಿಕೊಳ್ಳಬೇಕು?
– ಓದುಗರು, ಸಾಗರ

ಉತ್ತರ: ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಶೆಡ್ಡಿನ ಬೀಗದ ಕೈ ನಿಮ್ಮ ಬಳಿ ಇರುವವರೆಗೆ ಮಾತ್ರ ನಿಮ್ಮ ಮಾತಿಗೆ ಬೆಲೆ. ಅರ್ಧ ಪುಟ ಸಾಕು, ಕನ್ನಡದಲ್ಲೇ ಇರಲಿ, ಇಬ್ಬರೂ ಸಹಿ ಹಾಕಿ:

‘ಈ ಫೋಟೋಗಳನ್ನು ___ ಪತ್ರಿಕೆಯ ಒಂದು ಸಂಚಿಕೆ ಮತ್ತು ಅದರ ಜಾಲತಾಣದಲ್ಲಿ ಬಳಸಬಹುದು. ಜಾಹೀರಾತು, ಕ್ಯಾಲೆಂಡರ್, ಪೋಸ್ಟರ್, ಫೋಟೋ ಮಾರುವ ಜಾಲತಾಣ ಇವುಗಳಿಗೆ ಕಾರಿನ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಪ್ರಕಟಣೆಯಾದ 30 ದಿನದೊಳಗೆ ಛಾಯಾಗ್ರಾಹಕರು ಕನಿಷ್ಠ 15 ಫೋಟೋಗಳನ್ನು ಪೂರ್ಣ ಅಳತೆಯಲ್ಲಿ ಮಾಲೀಕರಿಗೆ ಕೊಡತಕ್ಕದ್ದು. ಮಾಲೀಕರು ಅವನ್ನು ಮನೆಯಲ್ಲಿ, ಕ್ಲಬ್ಬಿನ ಸ್ಮರಣ ಸಂಚಿಕೆಯಲ್ಲಿ, ಕಾರು ಮಾರುವ ಪ್ರಕಟಣೆಯಲ್ಲಿ ಛಾಯಾಗ್ರಾಹಕರ ಹೆಸರಿನೊಂದಿಗೆ ಬಳಸಬಹುದು. ಮಾಲೀಕರಿಗೆ ಕೊಟ್ಟ ಈ ಅನುಮತಿ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ. ಒಂದು ವರ್ಷ ಬಳಸದಿದ್ದರೂ ರದ್ದಾಗದು.’

ಕೊನೆಯ ಎರಡು ವಾಕ್ಯಗಳನ್ನು ಅನಗತ್ಯವೆಂದು ಬಿಡಬೇಡಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಭಾವಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು. ಕೊಟ್ಟ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ತಾನಾಗಿ ಬಿದ್ದುಹೋಗುವ ನಿಯಮವೂ ಇದೆ. ಇವು 19ನೇ ಕಲಮಿನಲ್ಲಿವೆ, 30ಎ ಮೂಲಕ ಅನುಮತಿ ಪತ್ರಗಳಿಗೂ ಅನ್ವಯಿಸುತ್ತವೆ. ಛಾಯಾಗ್ರಾಹಕರ ಹೆಸರು ಹಾಕುವುದು ಬರೀ ಮರ್ಯಾದೆಯಲ್ಲ. 57ನೇ ಕಲಮಿನಂತೆ ಕೃತಿಸ್ವಾಮ್ಯವನ್ನು ಪೂರ್ತಿ ಮಾರಿದ ಮೇಲೂ ತಾನೇ ಕರ್ತೃ ಎನ್ನುವ ಹಕ್ಕು ಅವರಲ್ಲಿ ಉಳಿಯುತ್ತದೆ.

‘ಪೂರ್ಣ ಅಳತೆ’ ಎಂದರೆ ಎಷ್ಟು ಎಂಬುದನ್ನೂ ಸಂಖ್ಯೆಯಲ್ಲೇ ಬರೆಯಿರಿ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಎ4 ಪುಟಕ್ಕೆ 2480 × 3508 ಪಿಕ್ಸೆಲ್, ಎರಡು ಪುಟ ಹರಡಿದ ಚಿತ್ರಕ್ಕೆ 4961 × 3508, ಅಂದರೆ ಸುಮಾರು 17.4 ಮೆಗಾಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಕುಗ್ಗುತ್ತದೆ, ತೆಗೆದ ದಿನಾಂಕ, ಕ್ಯಾಮೆರಾದ ವಿವರಗಳೂ ಅಳಿದುಹೋಗುತ್ತವೆ. ಪೆನ್‌ಡ್ರೈವಿನಲ್ಲಿ ಇಸಿದುಕೊಳ್ಳಿ.

ಇನ್ನು ಕಾರಿನ ಮೈ. ಹಾನಿಯಾದರೆ ಖರ್ಚು ಯಾರದು ಎಂದು ಅದೇ ಹಾಳೆಯಲ್ಲಿ ಬರೆಸಿ, ಬೆಳಿಗ್ಗೆ ಅವರು ಕ್ಯಾಮೆರಾ ಹೊರತೆಗೆಯುವ ಮೊದಲೇ ನಿಮ್ಮ ಫೋನಿನಲ್ಲಿ ನಾಲ್ಕೂ ಬದಿ, ಬಾಗಿಲ ಅಂಚು, ಬಂಪರ್ ತೆಗೆದಿಟ್ಟುಕೊಳ್ಳಿ. ಹೆಚ್ಚಿನ ಗೀರು ಬೀಳುವುದು ಸಹಾಯಕರ ಕೈಯಿಂದ. ನಮ್ಮ ಕೆಂಪು ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಅದು ಉಪ್ಪುಕಾಗದದ ಹಾಗೆ ಪಾಲಿಶ್ ತೆಗೆಯುತ್ತದೆ. ಮೊದಲು ನೀರು ಹರಿಸಿ, ಆಮೇಲೆ ಮೈಕ್ರೋಫೈಬರ್. ಬಾನೆಟ್ ಮೇಲೆ ಯಾರೂ ಕೂರಬಾರದು. ಜೀನ್ಸ್‌ನ ಲೋಹದ ಗುಂಡಿ ಒಂದು ಸಾಕು. ಹಳೆಯ ಪೇಂಟಿನ ಮೇಲೆ ಗಾಳಿ ಹೀರಿ ಅಂಟುವ ಕ್ಯಾಮೆರಾ ಸ್ಟ್ಯಾಂಡಿಗೂ ಒಪ್ಪಬೇಡಿ. ಕೆಳಗಿನ ಪುಟ್ಟಿ ಸಡಿಲವಾಗಿದ್ದರೆ ಕೀಳುವಾಗ ಚಕ್ಕೆಯಾಗಿ ಏಳುತ್ತದೆ.

ದೀಪ ಹಚ್ಚಿದ ಚಿತ್ರ ಎಲ್ಲರಿಗೂ ಬೇಕು. ಎರಡು ಹೆಡ್‌ಲೈಟ್ ಮತ್ತು ಹಿಂದಿನ ದೀಪಗಳಿಗೆ 8–9 ಆಂಪಿಯರ್ ಬೇಕಾಗುತ್ತದೆ. ಹಳೆಯ ಡೈನಮೋ ಐಡ್ಲಿಂಗ್‌ನಲ್ಲಿ ಅಷ್ಟು ಕೊಡುವುದಿಲ್ಲ, ಹೀಗಾಗಿ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕ್ಲಿಕ್ಕಿಸುವ ಕ್ಷಣಕ್ಕೆ ಮಾತ್ರ ಸ್ವಿಚ್ ಹಾಕಿ, ಇನ್ನೊಂದು ಬ್ಯಾಟರಿ ಮತ್ತು ಕೇಬಲ್ ಹತ್ತಿರ ಇರಲಿ.

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಕಾರು ಓಡುವ ಚಿತ್ರ ಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ? ಬಾಡಿಗೆ ಕೊಡುತ್ತಾರಂತೆ.
– ಓದುಗರು, ಶಿವಮೊಗ್ಗ

ಉತ್ತರ: ಘಾಟಿ ಬೇಡ. ಹಿನ್ನೆಲೆ ಮಸುಕಾಗಿ ಕಾರು ಮಾತ್ರ ಚುರುಕಾಗಿ ಬರುವ ಚಿತ್ರಕ್ಕೆ 1/60 ಸೆಕೆಂಡಿನ ಶಟರ್, ಗಂಟೆಗೆ 30–40 ಕಿ.ಮೀ. ವೇಗ ಸಾಕು, ಆದರೆ ಒಂದು ಸರಿಯಾದ ಚಿತ್ರಕ್ಕೆ ಹತ್ತು ಹದಿನೈದು ಸಲ ಹಿಂದೆ ಮುಂದೆ ಓಡಿಸಬೇಕಾಗುತ್ತದೆ. 14 ತಿರುವುಗಳ ಆ ಕಿರಿದಾದ ಹೆದ್ದಾರಿಯಲ್ಲಿ, ಮಂಜಿನಲ್ಲಿ, ನಾಲ್ಕೂ ಡ್ರಮ್ ಬ್ರೇಕಿನ ಗಾಡಿಯಲ್ಲಿ ಇದು ಆಗದ ಮಾತು. ಇಳಿಜಾರಿನಲ್ಲಿ ಡ್ರಮ್ ಕಾದರೆ ಹಿಡಿತ ಇಳಿಯುತ್ತದೆ, ನೀರು ಹೊಕ್ಕರೂ ಇಳಿಯುತ್ತದೆ. ಸುತ್ತಲಿನ ಕಾಡು ಸೋಮೇಶ್ವರ ವನ್ಯಜೀವಿಧಾಮಕ್ಕೆ ಸೇರಿದ್ದು. ಫೋಟೋಗಾಗಿ ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪರಿಚಯದವರ ತೋಟದ ರಸ್ತೆಯಲ್ಲಿ, ಮಳೆ ಬಿಟ್ಟ ಒಂದು ಗಂಟೆಯ ನಂತರ ತೆಗೆಸಿ. ನೆಲ ಇನ್ನೂ ಹೊಳೆಯುತ್ತಿರುತ್ತದೆ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಣಗಿರುತ್ತದೆ. ಪೇಂಟಿನ ಮೇಲಿನ ಆಕಾಶದ ಬಿಳುಪು ತೆಗೆಯಲು ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿಕೊಳ್ಳಲು ಹೇಳಿ.

ಡ್ರೋನ್ ತರುತ್ತೇವೆಂದರೆ, ಅದನ್ನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಸಿ. ಸೋಗಾನೆ ವಿಮಾನ ನಿಲ್ದಾಣದಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಬಾಡಿಗೆಯ ಮಾತಿಗೆ ಬೇಗ ತಲೆಯಾಡಿಸಬೇಡಿ. ಖಾಸಗಿ ಕಾರಿನ ವಿಮೆ ‘ಬಾಡಿಗೆ ಅಥವಾ ಪ್ರತಿಫಲ’ಕ್ಕೆ ಓಡಿಸಿದಾಗ ಅನ್ವಯಿಸದು ಎಂದು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಅಂದು ಅಪಘಾತವಾದರೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಮಾಡಿಸಿದ್ದರೆ ಇನ್ನೂ ಬಿಗಿ. ಅದು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ರಿಪೇರಿಗೆ ಮಾತ್ರ ರಸ್ತೆಗಿಳಿಯಬೇಕು, ವಾಣಿಜ್ಯ ಉದ್ದೇಶಕ್ಕೆ ಕೂಡದು. ಹಣ ತೆಗೆದುಕೊಳ್ಳುವುದಿದ್ದರೆ ಕಾರನ್ನು ನಿಮ್ಮ ಅಂಗಳದಲ್ಲೇ ನಿಲ್ಲಿಸಿ ತೆಗೆಸಿ, ವಿಮೆ ಕಂಪನಿಗೆ ಮೊದಲೇ ಬರೆದು ಉತ್ತರ ಪಡೆಯಿರಿ. ಸ್ಟಿಯರಿಂಗ್ ಹಿಡಿಯುವವರು ನೀವೇ ಆಗಿರಿ.

ಪ್ರಶ್ನೆ: ಪ್ರದರ್ಶನದಲ್ಲಿ ಯಾರೋ ನಮ್ಮ ಕಾರಿನ ಫೋಟೋ ತೆಗೆದು ಜಾಲತಾಣದಲ್ಲಿ ಹಾಕಿಕೊಂಡಿದ್ದಾರೆ, ನಂಬರ್ ಪ್ಲೇಟ್ ಸಮೇತ. ತೆಗೆಸಬಹುದೇ? ನಾನೇ ತೆಗೆದ ಫೋಟೋವನ್ನೂ ಇನ್ನೊಬ್ಬರು ಕದ್ದು ಹಾಕಿದ್ದಾರೆ.
– ಓದುಗರು, ಹೊಸನಗರ

ಉತ್ತರ: ಮೊದಲನೆಯದನ್ನು ತಡೆಯಲಾಗದು, ನಂಬರ್ ಮಸುಕು ಮಾಡಿ ಎಂದು ಕೇಳಿಕೊಳ್ಳಬಹುದು, ಅಷ್ಟೇ. ಮುಂದಿನ ಸಲ ಪ್ರದರ್ಶನದ ಜಾಗದಲ್ಲಿ ಕಾರು ನಿಂತಿರುವಾಗ ಪ್ಲೇಟಿನ ಮೇಲೆ ಕ್ಲಬ್ಬಿನ ಫಲಕ ಇಡಿ, ರಸ್ತೆಗೆ ಹೊರಡುವ ಮುಂಚೆ ತೆಗೆಯಿರಿ. ಎರಡನೆಯದರಲ್ಲಿ ನೀವೇ ಕರ್ತೃ. ಕೃತಿಸ್ವಾಮ್ಯ ನಿಯಮಗಳು 2013ರ 75ನೇ ನಿಯಮದಡಿ ಆ ಜಾಲತಾಣಕ್ಕೆ ಲಿಖಿತ ದೂರು ಕೊಡಿ. ದೂರು ಸರಿಯೆನಿಸಿದರೆ ಅವರು 36 ಗಂಟೆಯೊಳಗೆ ಫೋಟೋವನ್ನು ತಡೆಹಿಡಿಯಬೇಕು. ನೀವು 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದು ಮತ್ತೆ ಮೇಲೆ ಬರಬಹುದು. ದಾವೆ ಹೂಡಲು ಅವರ ಊರಿಗೆ ಹೋಗಬೇಕಿಲ್ಲ. 62ನೇ ಕಲಮಿನಂತೆ ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯ, ಅಂದರೆ ಶಿವಮೊಗ್ಗವೇ ಸಾಕು.